ಅತ್ತೆ ಗುಳಿಗೆ ನುಂಗಿದ್ದರು

ಫೆಬ್ರವರಿ 3, ಸೋಮವಾರ

ಅಭಿಜ್ಞಾ ಮಲಗಿದ್ದಾಳೆ. ನಿಜವಾಗಿಯೂ ಮಲಗಿದ್ದಾಳೋ ಎಂದು ನೋಡಲು ಮೂಗಿನ ಹತ್ತಿರ ಬೆರಳು ಹಿಡಿದೆ. ಎದ್ದುಬಿಟ್ಟಳು. ಮತ್ತೆ ಮಲಗಿಸಿ ಬಂದು ಕೂತಿದ್ದೇನೆ. ಹತ್ತು ತಿಂಗಳ ಮಗುವಿಗೆ ಎಷ್ಟು ಸಲ ಬಿಕ್ಕಳಿಕೆ ಬಂದರೆ ಚಿಂತೆ ಮಾಡಬೇಕು ಎಂದು ಮೊಬೈಲಿನಲ್ಲಿ ಹುಡುಕಿದ್ದಕ್ಕೆ ಅದು ಮೂರು ಹೊಸ ರೋಗಗಳ ಹೆಸರು ಕೊಟ್ಟಿತು. ಅವುಗಳ ಲಕ್ಷಣ ನನಗೂ ಇವೆ.

ನನಗೆ ನಿದ್ದೆ ಇಲ್ಲವೆಂದು ಈ ಡೈರಿ ತಂದುಕೊಟ್ಟವರು ಸಂದೇಶ. ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರಿಗೆ ಗಂಡನ ಕೆಲಸವೂ ಬಸ್ಸಿನ ಲೆಕ್ಕದಲ್ಲೇ ತಿಳಿಯುವುದು. "ತಲಿಯೊಳಗಿನ ಗಂಟು ಎತ್ತಿ ಕ್ಯಾರಿಯರಿಗೆ ಹಾಕು, ಕೂಡಾಕ ಜಾಗ ಆಗ್ತದ" ಎಂದರು.

ದೊಡ್ಡ ಗಂಟು ಅತ್ತೆಯದು. ಬನವಾಸಿ ಹತ್ತಿರದ ಊರಿನಲ್ಲಿ ಭತ್ತ, ಶುಂಠಿ ಬೆಳೆದುಕೊಂಡು ಗಟ್ಟಿಯಾಗಿದ್ದ ನಮ್ಮ ಅತ್ತೆ ಶಾರದವ್ವ ಎರಡೂವರೆ ವರ್ಷದ ಹಿಂದೆ ಕೆಮ್ಮತೊಡಗಿದರು. ಇಲ್ಲಿ ಶಿರಸಿಯ ಒಂದು ನರ್ಸಿಂಗ್ ಹೋಮಿನ ಡಾ. ವೈಭವ ಎಕ್ಸ್‌ರೇ ನೋಡಿ ಟಿ.ಬಿ. ಎಂದರು. ಕಫದ ಪರೀಕ್ಷೆಯಲ್ಲಿ ಟಿ.ಬಿ. ಸಿಗಲೇ ಇಲ್ಲ, ಆದರೂ ಟಿ.ಬಿ. ಗುಳಿಗೆ ನಡೆಯಿತು. ಕೆಮ್ಮು ಇಳಿಯದಾಗ ಡಾಕ್ಟರು ವಾರ್ಡಿನ ಜನರೆಲ್ಲರ ಮುಂದೆ, "ಇವರು ಗುಳಿಗೆ ನುಂಗ್ತಾ ಇಲ್ಲ, ಬಚ್ಚಲಿಗೆ ಎಸೀತಾರೆ, ಸುಳ್ಳು ಹೇಳ್ತಾರೆ" ಎಂದು ಬೈದರು. ಕೊನೆಗೆ ಹುಬ್ಬಳ್ಳಿಗೆ ಹೋದಾಗ ಗೊತ್ತಾದದ್ದು ಶ್ವಾಸಕೋಶದ ಕ್ಯಾನ್ಸರು. ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದಂತೆ. ಮೊದಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗ ದಿನಕ್ಕೊಂದು ಮಾತ್ರೆಯಲ್ಲಿ ಹಿಡಿದಿಡಬೇಕು ಎಂದರು. ಇಲ್ಲಿಯವರೆಗೆ ಹಿಡಿದಿಟ್ಟಿದೆ.

ಹುಬ್ಬಳ್ಳಿಯಲ್ಲಿ ಗೊತ್ತಾದ ದಿನಕ್ಕೆ ಈ ಏಪ್ರಿಲ್ ಕೊನೆಗೆ ಎರಡು ವರ್ಷ ತುಂಬುತ್ತದೆ. ದೂರು ಕೊಡುವುದಿದ್ದರೆ ಅಷ್ಟರೊಳಗೆ ಕೊಡಬೇಕಂತೆ. ಹುಬ್ಬಳ್ಳಿಯ ಓಡಾಟ, ನನ್ನ ಬಸುರಿ, ಬಾಣಂತನ ಇವುಗಳ ನಡುವೆ ಈ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದೇ ಹೋದ ವಾರ.

ಎದ್ದಳು. ಬಿಕ್ಕಳಿಕೆ.

ಫೆಬ್ರವರಿ 7, ಶುಕ್ರವಾರ

ವಕೀಲರ ಹತ್ತಿರ ಹೋಗಿ ಬಂದೆ. ಹೆಸರು ಉಲ್ಲಾಸ, ಮುಖ ಮಾತ್ರ ಸೂತಕದ ಮನೆಯದು. ಮಗುವನ್ನು ಅವರ ಮೇಜಿನ ಮೇಲೆ ಕೂರಿಸುವ ಮೊದಲು ನಾನು ಮೇಜಿಗೆ ಸ್ಯಾನಿಟೈಸರ್ ಹಚ್ಚಿ ಒರೆಸಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಆ ಫೈಲುಗಳಿಗೂ ಸ್ವಲ್ಪ ಹಚ್ಚಿ, ಹತ್ತು ವರ್ಷದ ಧೂಳು ಇದೆ" ಎಂದರು.

ಪೊಲೀಸರ ಹತ್ತಿರ ಹೋಗೋಣವಾ ಎಂದು ಕೇಳಿದೆ.

"ಎಂತಕ್ಕೆ ತಂಗಿ? ಅಲ್ಲಿ ಘೋರ ನಿರ್ಲಕ್ಷ್ಯ ಅಂತ ತೋರಿಸಬೇಕು, ಮುಗಿಯೋ ಮಾತಲ್ಲ. ಮೆಡಿಕಲ್ ಕೌನ್ಸಿಲ್‌ಗೆ ಬರೀಬಹುದು. ಅವರು ಡಾಕ್ಟರಿಗೆ ಎಚ್ಚರಿಕೆ ಕೊಡ್ತಾರೆ, ಬೇಕಾದ್ರೆ ಸ್ವಲ್ಪ ದಿನ ಪ್ರಾಕ್ಟೀಸು ತಡೀತಾರೆ. ನಿಮ್ಮ ಅತ್ತೆಗೆ ಪರಿಹಾರ ಅಂತ ಎಂತದೂ ಬರೋದಿಲ್ಲ. ಪರಿಹಾರ ಬೇಕಂದ್ರೆ ಕಾರವಾರದ ಗ್ರಾಹಕರ ಆಯೋಗ."

"ಅತ್ತೆ ಗ್ರಾಹಕರಾ?"

"ಫೀ ಕೊಟ್ಟು ತೋರಿಸಿಕೊಂಡವರು ಗ್ರಾಹಕರೇ. ಮಿಕ್ಸರ್ ಕೆಟ್ಟರೂ ಅಲ್ಲಿಗೇ, ಪುಪ್ಪುಸ ಕೆಟ್ಟರೂ ಅಲ್ಲಿಗೇ." ಹಾಗೆಂದು ನಿಟ್ಟುಸಿರು ಬಿಟ್ಟರು. "ಆದರೆ ಬೇರೆ ರೋಗ ಹೇಳಿದ ಅಂದ ಮಾತ್ರಕ್ಕೆ ಗೆಲ್ಲೋದಿಲ್ಲ. ಡಾಕ್ಟರು ಅಂದ್ರೆ ತಪ್ಪೂ ಮಾಡ್ತಾರೆ. ಆ ಜಾಗದಲ್ಲಿ ಯಾವ ಸಾಧಾರಣ ಡಾಕ್ಟರಾದರೂ ಮಾಡ್ತಿದ್ದ ಪರೀಕ್ಷೆ ಇವನು ಮಾಡಲಿಲ್ಲ ಅಂತ ತೋರಿಸಬೇಕು. ಅದಕ್ಕೆ ಆಸ್ಪತ್ರೆಯ ದಾಖಲೆ ಬೇಕು, ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕು. ಎಲ್ಲಕ್ಕಿಂತ ಮೊದಲು ಅತ್ತೆಯ ಸಹಿ. ಹಾಕ್ತಾರಲ್ಲ?"

"ಹಾಕದೆ ಏನು" ಎಂದೆ.

ಫೆಬ್ರವರಿ 9, ಭಾನುವಾರ

ಹಾಕುವುದಿಲ್ಲವಂತೆ.

ಅತ್ತೆ ಬಟಾಣಿ ಬಿಡಿಸುತ್ತಿದ್ದರು. ನಾನು ಆಯೋಗ, ಪರಿಹಾರ, ಎರಡು ವರ್ಷದ ಗಡುವು ಎಲ್ಲ ವಿವರಿಸಿದೆ. ಪೂರ್ತಿ ಕೇಳಿದರು.

"ನಾ ಕೇಸ್ ಹಾಕಿ ಆಗೇತಿ ಭೂಮಿಕಾ."

"ಎಲ್ಲಿ?"

"ಚೌಡಮ್ಮನ ಕಡಿ."

ಹುಬ್ಬಳ್ಳಿಯಿಂದ ಬಂದ ಮರುವಾರವೇ ಊರಿಗೆ ಹೋಗಿ ಹುಯಿಲು ಕೊಟ್ಟು ಬಂದಿದ್ದಾರೆ. ಅನ್ಯಾಯ ಮಾಡಿದವರ ಹೆಸರು ಹೇಳಿ, ಕಾಯಿ ಇಟ್ಟು, ನ್ಯಾಯ ನೀನೇ ನೋಡು ಎಂದು ದೇವಿಗೆ ದೂರು ಒಪ್ಪಿಸುವುದು. ನಮ್ಮ ಸಿದ್ದಾಪುರದ ಕಡೆಯೂ ಇದೆ. ಮನ್ಮನೆಯಲ್ಲಿ ನಮ್ಮ ದೊಡ್ಡಪ್ಪ ಕದ್ದ ಪಂಪ್‌ಸೆಟ್ಟಿನ ಮೇಲೆ ಕೊಟ್ಟಿದ್ದ. ಡಾಕ್ಟರ ಮೇಲೆ ಕೊಟ್ಟದ್ದು ಇದೇ ಮೊದಲು ಕೇಳಿದ್ದು.

"ಎರಡೂ ಕಡೆ ಇರಲಿ ಅತ್ತೆ."

"ಒಂದೇ ಜಗಳ ಎರಡು ಕಡಿ ಹಾಕಿದ್ರ ಅಮ್ಮನ ಮ್ಯಾಲೆ ನಂಬಿಕಿ ಇಲ್ಲ ಅಂದಂಗ."

"ಎರಡು ವರ್ಷದಲ್ಲಿ ಚೌಡಮ್ಮ ಏನು ಮಾಡಿದಳು?"

"ಕಾರವಾರದವರಾದ್ರ ಎರಡು ವರ್ಷದಾಗ ಏನ್ ಮಾಡ್ತಿದ್ರು?"

ಬಿ.ಎ.ಯಲ್ಲಿ ನನ್ನದು ರಾಜ್ಯಶಾಸ್ತ್ರ. ನಾನೂ ಕೂತು ಬಟಾಣಿ ಬಿಡಿಸತೊಡಗಿದೆ.

ಫೆಬ್ರವರಿ 11, ಮಂಗಳವಾರ

ಹುಯಿಲು ವಾಪಸ್ ತೆಗೆಸಿಬಿಡೋಣ ಎಂದು ನಾನೇ ಅತ್ತೆಯನ್ನೂ ಮಗುವನ್ನೂ ಬನವಾಸಿ ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಚೌಡಮ್ಮನದು ಮಾವಿನ ಮರದ ಕೆಳಗಿನ ಕಟ್ಟೆ. ಪೂಜಾರಿ ಚೌಡಣ್ಣ ಶುಂಠಿ ಗದ್ದೆಯಿಂದ ಪಂಚೆ ಎತ್ತಿ ಕಟ್ಟಿಕೊಂಡೇ ಬಂದರು.

"ಹುಯಿಲು ಕೊಟ್ಟೀ ಖರೆ ಶಾರದಕ್ಕ, ಎದುರಿನವಗ ಹೇಳಿ ಕಳಿಸೀಯೇನು?"

"ಇಲ್ಲ. ಅಮ್ಮಗ ಗೊತ್ತಿಲ್ಲೇನು?"

"ಅಮ್ಮಗ ಗೊತ್ತದ. ಅವಗ ಗೊತ್ತಾಗಬೇಕಲ್ಲ. ಹೇಳದ ಹುಯಿಲು ನಡಿಯಂಗಿಲ್ಲ. ನೀ ಇಟ್ಟ ಕಾಯಿ ಅಮ್ಮ ಹಂಗೇ ಹಿಡಕಂಡು ಕುಂತಾಳ."

ನೋಟಿಸು ಜಾರಿಯಾಗಿಲ್ಲ. ಉಲ್ಲಾಸ ವಕೀಲರೇ ಪಂಚೆ ಉಟ್ಟು ಮಾತಾಡಿದ ಹಾಗಾಯಿತು. ಇದೇ ಸಮಯವೆಂದು ನಾನು ಬಾಯಿ ಹಾಕಿದೆ. "ಹಾಗಾದರೆ ವಾಪಸ್ ತಗೊಂಡುಬಿಡಬಹುದಲ್ಲ ಚೌಡಣ್ಣ?"

"ತಗೋಬೋದು ತಂಗಿ. ಆದ್ರ ಅಮ್ಮನ ಕಡಿ ವಾಪಸ್ ಅಂದ್ರ ಶಾರದಕ್ಕ ಸುಳ್ಳು ಹೇಳಿದ್ಲು ಅಂತ ಆತು."

ಅತ್ತೆ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದರು. ಕ್ಯಾನ್ಸರ್ ಎಂದ ದಿನವೂ ಆ ಮುಖ ಹಾಗೆ ಆಗಿರಲಿಲ್ಲ.

ನಿಯಮಗಳನ್ನು ಕೇಳಿಕೊಂಡು ಬಂದೆವು. ಎದುರಿನವರಿಗೆ ಬಾಯಿಂದಲೇ ಹೇಳಬೇಕು. ಹೇಳಿದ ಮೇಲೆ ತೀರ್ಮಾನ ಆಗುವವರೆಗೆ ಅವರ ಮನೆ ನೀರು ಮುಟ್ಟಬಾರದು, ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ಸೊಸೆ, ಮಗ ಎಲ್ಲರಿಗೂ ಇದು ಲಾಗೂ. "ಕೂಸಿಗೆ?" ಎಂದೆ. "ಜವಳ ಆಗೇತೇನು? ಇಲ್ಲಲ್ಲ. ತಲಿಗೂದಲು ತೆಗಸೋ ತನಕ ಕೂಸಿಗೆ ಯಾವ ಕಟ್ಟೂ ಇಲ್ಲ."

ಕಟ್ಟು ಇಲ್ಲದ ಕೂಸು ಅಷ್ಟರಲ್ಲಿ ಕಟ್ಟೆಯ ಮಣ್ಣಿಗೆ ಕೈ ಹಾಕಿತ್ತು. ಮೂರು ಸಲ ಒರೆಸಿದೆ. ಬಸ್ಸಿನಲ್ಲಿ ಮತ್ತೊಂದು ಸಲ.

ಫೆಬ್ರವರಿ 13

ಸಿಟ್ಟು. ಯಾರ ಮೇಲೆಂದು ಗೊತ್ತಾದ ಮೇಲೆ ಬರೆಯುತ್ತೇನೆ.

ಮಾರ್ಚ್ 5, ಬುಧವಾರ

ಎಷ್ಟೋ ದಿನ ಬರೆಯಲಿಲ್ಲ. ಬರೆಯುವಂಥದ್ದು ಇವತ್ತು ಆಯಿತು.

ದೂರಿಗೆ ಸಹಿ ಹಾಕದಿದ್ದರೂ ದಾಖಲೆ ಕೇಳುವ ಅರ್ಜಿಗೆ ಅತ್ತೆ ಒಪ್ಪಿದ್ದರು. "ನಮ್ಮ ಎದಿ, ನಮ್ಮ ಎಕ್ಸ್‌ರೇ. ಕೇಳಾಕ ಏನು?" ಹೋದ ವಾರ ನಾನು ಅರ್ಜಿ ಕೊಟ್ಟಾಗ ಕೌಂಟರಿನ ಪವನ್ ಎಂಬಾತ, "ಪೇಷಂಟೇ ಬರಬೇಕ್ರಿ" ಎಂದು ಕಳಿಸಿದ್ದ. ಇವತ್ತು ಪೇಷಂಟ್ ಬಂದರು. ಧಾರವಾಡದ ಹಸಿರು ಸೀರೆ ಉಟ್ಟುಕೊಂಡು, ಮನೆಯಿಂದಲೇ ಪೆನ್ನು ತಂದುಕೊಂಡು.

ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತು ಅತ್ತೆ ಒಳಗೆ ಕೂಗಿ ಹೇಳಿದರು: "ಡಾಕ್ಟರ್ ವೈಭವಗ ಹೇಳ್ರಿ. ಗುಳಿಗಿ ನುಂಗಿಲ್ಲ ಅಂತ ನನ್ನ ಮ್ಯಾಲೆ ಸುಳ್ಳು ಹೊರಿಸ್ಯಾನ. ನಾ ಚೌಡಮ್ಮಗ ಹುಯಿಲು ಕೊಟ್ಟೀನಿ. ಇವತ್ತಿಂದ ನಿಮಗ ಗೊತ್ತಾತು."

ಎಕ್ಕಂಬಿಯ ನರ್ಸ್ ದೇವಿ ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟುಬಿಟ್ಟಳು. ಕಾಯುತ್ತಿದ್ದ ಪೇಷಂಟುಗಳಲ್ಲಿ ಇಬ್ಬರು ಎದ್ದು ಹೊರಗೆ ಬಂದರು. ಬಿ.ಪಿ. ನೋಡಿಸಿಕೊಳ್ಳುತ್ತಿದ್ದವರೊಬ್ಬರು ಪಟ್ಟಿ ಕಟ್ಟಿಕೊಂಡೇ ಬಂದರು.

ಪವನ್ ಮೊದಲು ದಾಖಲೆ ಹುಡುಕಬೇಕು ಎಂದ. "ಕೇಳಿದ ಮೂರು ದಿನದೊಳಗೆ ಕೊಡಬೇಕು ಅಂತ ನಿಯಮ ಇದೆ. ಕೊಡದಿದ್ದರೆ ಅದೂ ಒಂದು ದೂರಾಗುತ್ತದೆ. ಯಾವುದು ಸುಲಭ ನೋಡಿ" ಎಂದೆ. ನನ್ನ ಧ್ವನಿ ಯಾರದೋ ಎಂದು ನಾನೇ ಹಿಂದೆ ತಿರುಗಿ ನೋಡುವ ಹಾಗಿತ್ತು. ಫೈಲು ಐದು ನಿಮಿಷದಲ್ಲಿ ಬಂತು.

ಈಗ ತೊಡಕು ಶುರುವಾಯಿತು. ಅವರ ಕೈಯಿಂದ ತೆಗೆದುಕೊಳ್ಳುವ ಹಾಗಿಲ್ಲ.

"ತಗೋರಿ" ಎಂದ ಪವನ್.

"ನಾ ತಗೊಳ್ಳಂಗಿಲ್ಲ."

"ಮೇಡಂ, ನೀವು?"

"ನಾನೂ ತೆಗೆದುಕೊಳ್ಳೋ ಹಾಗಿಲ್ಲ."

"ಮತ್ತ ನಿಯಮ ಅಂದ್ರಿ, ಮೂರು ದಿನ ಅಂದ್ರಿ?"

ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಅಭಿಜ್ಞಾಳನ್ನು ಸೊಂಟದಿಂದ ಎತ್ತಿ ಮುಂದೆ ಹಿಡಿದೆ. ನರ್ಸ್ ದೇವಿಗೆ ತಕ್ಷಣ ಅರ್ಥವಾಯಿತು. "ಜವಳ ಆಗಿಲ್ಲಲ್ರೀ? ಪವನ್, ಕೂಸಿನ ಕೈಗೆ ಕೊಡು." ಅವನು ಕೊಟ್ಟ. ಹನ್ನೊಂದು ತಿಂಗಳ ನನ್ನ ಮಗಳು ಅಜ್ಜಿಯ ವೈದ್ಯಕೀಯ ದಾಖಲೆಗಳನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಮೂಲೆಯನ್ನು ಬಾಯಿಗಿಟ್ಟು, ಮನೆಯವರೆಗೂ ಚೀಪಿಕೊಂಡು ಬಂದಳು. ಮೂರು ಎಕ್ಸ್‌ರೇ, ಕಫದ ವರದಿಗಳು, ಎಲ್ಲ ಇವೆ. ಒಂದು ಹಾಳೆಗೆ ಮಾತ್ರ ಸ್ವಲ್ಪ ಜೊಲ್ಲು.

ಮಾರ್ಚ್ 14, ಶುಕ್ರವಾರ

ಬಿಡ್ಕಿಬೈಲಿನಲ್ಲಿ ಸೊಪ್ಪು ಕೊಳ್ಳುವಾಗ ದೇವಿ ಸಿಕ್ಕಳು. ಅವಳೂ ಎದುರು ಪಕ್ಷದವಳೇ ಆದ್ದರಿಂದ ನಾವು ಕೈ ಹಿಂದೆ ಕಟ್ಟಿಕೊಂಡು ಮಾತಾಡಿದೆವು.

"ಅಕ್ಕಾ, ಅಲ್ಲಿ ಕೆಲಸ ಮಾಡೋದೇ ಕಷ್ಟ ಆಗೇತಿ. ಸೋಮವಾರ ಜನರೇಟರ್ ಕೆಟ್ಟಿತು. ಮಂಗಳವಾರ ಎಕ್ಸ್‌ರೇ ಮಷೀನ್ ಕೆಟ್ಟಿತು. ಬುಧವಾರ ಅವೆರಡನ್ನೂ ರಿಪೇರಿ ಮಾಡಾಕ ಬಂದವನ ಸ್ಕೂಟರ್ ಕೆಟ್ಟಿತು."

"ಅವೆಲ್ಲ ಮೊದಲೂ ಕೆಡ್ತಾ ಇದ್ವಲ್ಲ?"

"ಕೆಡ್ತಿದ್ವು. ಆದ್ರ ಆಗ ಯಾಕ ಅಂತ ಗೊತ್ತಿರಲಿಲ್ಲ."

ರಾತ್ರಿ ಪಾಳಿಗೆ ಒಬ್ಬರೂ ಒಪ್ಪುತ್ತಿಲ್ಲವಂತೆ. ಔಷಧ ಅಂಗಡಿಯವನು ಡಾಕ್ಟರ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಾನೆ. ಡಾಕ್ಟರು ಬೆಳಗಾವಿಯಲ್ಲಿ ಓದಿದವರು, ಮೂಢನಂಬಿಕೆ ಎಂದು ಅದನ್ನು ಕಿತ್ತೆಸೆದರು. ಆಮೇಲೆ ಅದೇ ನಿಂಬೆಹಣ್ಣನ್ನು ತುಳಿದು ಜಾರಿ ಕಾಲು ಉಳುಕಿಸಿಕೊಂಡರು.

ಅತ್ತೆಗೆ ಹೇಳಿದೆ. ನಗಲಿಲ್ಲ. "ಕಾಲಿಗೆ ಎಣ್ಣಿ ಹಚ್ಚಿದನಂತೇನು?" ಎಂದು ಕೇಳಿದರು.

ಅಭಿಜ್ಞಾ ಒಂದು ಇರುವೆ ತಿಂದಳು. ಕಪ್ಪಿರುವೆ.

ಮಾರ್ಚ್ 20, ಗುರುವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಅತ್ತೆಯ ಸ್ಕ್ಯಾನು ಹೋದ ಸಲದ ಹಾಗೇ ಇದೆ, ಬೆಳೆದಿಲ್ಲ. ಜೊಲ್ಲಿನ ಹಾಳೆಯೂ ಸೇರಿ ದಾಖಲೆ ಎಲ್ಲ ಅಲ್ಲಿಯ ತಜ್ಞರಿಗೆ ಕೊಟ್ಟೆ. ಕಫದಲ್ಲಿ ಏನೂ ಸಿಗದೆ, ಗುಳಿಗೆಯಿಂದ ಗುಣವೂ ಕಾಣದೆ ಇದ್ದಾಗ ಸಿ.ಟಿ. ಮಾಡಿಸಬೇಕಿತ್ತು, ಎರಡನೆಯ ಎಕ್ಸ್‌ರೇಯಲ್ಲಿ ಗಡ್ಡೆ ದೊಡ್ಡದಾದದ್ದು ಕಾಣುತ್ತದೆ ಎಂದು ಬರೆದುಕೊಟ್ಟರು. ಅದನ್ನು ಓದಿದ ಉಲ್ಲಾಸ ವಕೀಲರ ಮುಖದಲ್ಲಿ ಮೊದಲ ಸಲ ಬಿಸಿಲು ಬಿತ್ತು. "ಸಹಿ ಒಂದು ಸಿಕ್ಕಿಬಿಟ್ಟರೆ..." ಎಂದರು. ಬಿಸಿಲು ಹೋಯಿತು.

ಮಾರ್ಚ್ 25, ಮಂಗಳವಾರ

ಡಾಕ್ಟರು ಬರುತ್ತಾರಂತೆ. ಚೌಡಮ್ಮನ ಕಟ್ಟೆಗೆ, ಶುಕ್ರವಾರ. ಸಿಬ್ಬಂದಿಯೆಲ್ಲ ಸೇರಿ, ನೀವು ಹೋಗಿ ಬರದಿದ್ದರೆ ಯುಗಾದಿಗೆ ಹೋದವರು ನಾವು ವಾಪಸ್ ಬರುವುದಿಲ್ಲ ಎಂದರಂತೆ.

ಉಲ್ಲಾಸರಿಗೆ ಫೋನು ಮಾಡಿದೆ. "ಅಲ್ಲಿ ಆತ ಎಂತದೇ ಒಪ್ಪಿಕೊಂಡರೂ ಮೊಬೈಲಲ್ಲಿ ರೆಕಾರ್ಡ್ ಮಾಡಿ ತಂಗಿ. ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ" ಎಂದರು.

ಮಾರ್ಚ್ 28, ಶುಕ್ರವಾರ

ಡಾಕ್ಟರು ಕುಂಟುತ್ತಾ ಬಂದರು. ನಾನು ಎರಡು ವರ್ಷದಿಂದ ಮನಸ್ಸಿನಲ್ಲೇ ಬೈದ ಮನುಷ್ಯ ಇಷ್ಟು ಚಿಕ್ಕವನೆಂದು ನೆನಪೇ ಇರಲಿಲ್ಲ. ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಜೊತೆಗೆ ದೇವಿ, ಪವನ್. ಈ ಕಡೆ ಅತ್ತೆ, ಸಂದೇಶ, ನಾನು. ಮೊಬೈಲು ನನ್ನ ಸೆರಗಿನ ಕೆಳಗೆ, ರೆಕಾರ್ಡಿಂಗ್ ಓಡುತ್ತಲೇ ಇತ್ತು.

ಚೌಡಣ್ಣ ಹೇಳಿ ಎಂದರು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಚಿಕಿತ್ಸೆಯ ಸಮಯದಲ್ಲಿ ಏನಾದರೂ ತಪ್ಪಾಗಿದ್ದಲ್ಲಿ ವಿಷಾದಿಸುತ್ತೇನೆ."

"ಏನಾದ್ರೂ ಅನ್ನಂಗಿಲ್ರಿ" ಎಂದರು ಚೌಡಣ್ಣ. "ಆಗಿದ್ದಲ್ಲಿ ಅನ್ನಂಗೂ ಇಲ್ಲ. ಅಮ್ಮಗ ಅದು ತಿಳಿಯಂಗಿಲ್ಲ."

"ನನ್ನ ವಕೀಲರು ಇಷ್ಟೇ ಹೇಳು ಅಂದಿದ್ದಾರೆ."

"ಅವರನ್ನೂ ಕರ್ಕಂಡು ಬರಬೇಕಿತ್ತು. ಅಮ್ಮ ಅವರಿಗೂ ಹೇಳ್ತಿದ್ಲು."

ದೇವಿ ಹಿಂದಿನಿಂದ, "ಸರ್, ಹೇಳಿಬಿಡ್ರಿ. ರಾತ್ರಿ ಪಾಳಿ ನೆನಸ್ಕೊಳ್ರಿ" ಎಂದಳು. ಸಂದೇಶ ನಗು ತಡೆಯಲಾಗದೆ ಕೆಮ್ಮಿದರು.

ಡಾಕ್ಟರು ಅತ್ತೆಯ ಕಡೆ ತಿರುಗಿದರು. ಅತ್ತೆ ಅವರನ್ನು ನೇರವಾಗಿ ನೋಡುತ್ತಿದ್ದರು. ಸಿಟ್ಟಿಲ್ಲ, ಬರೀ ಕಾಯುವುದು.

"ನೀವು ಗುಳಿಗೆ ನುಂಗಿದ್ರಿ" ಎಂದರು ಡಾಕ್ಟರು.

"ನುಂಗಿದ್ದೆ."

"ನುಂಗಿಲ್ಲ ಅಂತ ಎಲ್ಲರ ಮುಂದೆ ಅಂದೆ. ಅದು ನನ್ನ ತಪ್ಪು." ನೆಲ ನೋಡಿಕೊಂಡು ಮುಂದುವರಿಸಿದರು. "ಗುಳಿಗೆ ಕೆಲಸ ಮಾಡದಿದ್ದಾಗ ನನ್ನನ್ನೇ ಅನುಮಾನಿಸಬೇಕಿತ್ತು. ನಿಮ್ಮನ್ನು ಅನುಮಾನಿಸಿದೆ. ಅದು ಸುಲಭ ಇತ್ತು."

ಅತ್ತೆ ದೀರ್ಘ ಉಸಿರು ತೆಗೆದುಕೊಂಡರು. ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದೆವು. ಆಮೇಲೆ, "ಅವು ಕಹಿ ಗುಳಿಗಿ ತಮ್ಮಾ" ಎಂದರು. "ಉಚ್ಚಿ ಕೆಂಪಾಗ್ತಿತ್ತು, ಅನ್ನ ಸೇರತಿರಲಿಲ್ಲ. ಆದ್ರೂ ಒಂದೂ ಬಿಡಲಿಲ್ಲ."

ಚೌಡಣ್ಣ ಕಾಯಿ ಒಡೆದರು. ಅರ್ಧ ಡಾಕ್ಟರಿಗೆ, ಅರ್ಧ ಅತ್ತೆಗೆ. ಅಭಿಜ್ಞಾ ಯಾವಾಗಲೋ ಸಂದೇಶರ ಕೈಯಿಂದ ಇಳಿದು, ಕಟ್ಟೆಯ ಮೇಲೆ ಬಿದ್ದ ಬಾಳೆಹಣ್ಣು ತಿನ್ನುತ್ತಿದ್ದಳು. ಅರ್ಧ ಮುಗಿಸಿದ್ದಳು.

ಮಾರ್ಚ್ 29, ಶನಿವಾರ

ನಿನ್ನೆ ಬರೆಯುತ್ತಾ ಪೆನ್ನು ಹಿಡಿದೇ ಮಲಗಿದೆನಂತೆ. ಗೊರಕೆ ಹೊಡೆದೆನೆಂದು ಅತ್ತೆ ಹೇಳುತ್ತಾರೆ. ನಾನು ಗೊರಕೆ ಹೊಡೆಯುವವಳಲ್ಲ.

ಮೊಬೈಲಿನ ರೆಕಾರ್ಡಿಂಗು ಚೆನ್ನಾಗಿ ಬಂದಿದೆ. ಒಂದೊಂದು ಅಕ್ಷರವೂ ಕೇಳುತ್ತದೆ. ಅತ್ತೆಗೆ ಕೇಳಿಸಿದೆ. ಪೂರ್ತಿ ಕೇಳಿ, ಮತ್ತೊಮ್ಮೆ ಹಚ್ಚು ಎಂದರು. ಎರಡು ಸಲ ಕೇಳಿದ ಮೇಲೆ, "ಈಗ ಅಳಿಸು" ಎಂದರು.

"ಅತ್ತೆ, ಇದರ ಮೇಲೆ ಕೇಸು ಗೆಲ್ಲಬಹುದು."

"ಅಮ್ಮನ ಮುಂದ ಆಡಿದ ಮಾತು. ಅವ ಅಮ್ಮನ್ನ ನಂಬಿ ಬಾಯಿ ಬಿಟ್ಟಾನ, ನಿನ್ನ ಮೊಬೈಲ್ ನಂಬಿ ಅಲ್ಲ."

"ಅವರು ನಂಬಿ ಬಂದಿಲ್ಲ. ರಾತ್ರಿ ಪಾಳಿಗೆ ಜನ ಇಲ್ಲ ಅಂತ ಬಂದದ್ದು."

"ಬಂದದ್ದು ಹಂಗ. ಹೇಳಿದ್ದು ಹಂಗಲ್ಲ. ನೀನೂ ನೋಡಿದೆಲ್ಲ."

ನೋಡಿದ್ದೆ. ಅಳಿಸಿದೆ. ಉಲ್ಲಾಸರಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಫೈಲು ಮುಚ್ಚಿದ ಸದ್ದು ಕೇಳಿತು. ಕೇಸೂ ಹೋಯಿತು, ಸಾಕ್ಷಿಯೂ ಹೋಯಿತು ಎಂದುಕೊಂಡೆ. ಒಳಗಿನಿಂದ ಅತ್ತೆ ಕೂಗಿದರು.

"ವಕೀಲರಿಗೆ ಹೇಳು, ಯುಗಾದಿ ಮುಗಿದ ಮ್ಯಾಲೆ ಸಹಿ ಹಾಕಾ‌ಕ ಬರ್ತೀನಿ."

ಫೋನು ಕಿವಿಯಲ್ಲೇ ಇತ್ತು. "ಹುಯಿಲು ಮುಗೀತಲ್ಲ ಅತ್ತೆ? ಒಂದೇ ಜಗಳ ಎರಡು ಕಡೆ..."

"ಅದು ನನ್ನ ಮಾತಿನ ಕೇಸು, ಸುಳ್ಳಿ ಅಂದಿದ್ದರದ್ದು. ಮುಗೀತು. ಪುಪ್ಪುಸದ್ದು ಬ್ಯಾರೆ. ಅದನ್ನ ನಾ ಚೌಡಮ್ಮಗ ಹೇಳೇ ಇಲ್ಲ. ಆಕಿಗೆ ಎಕ್ಸ್‌ರೇ ಓದಾಕ ಬರ್ತದೇನು?"

ಏಪ್ರಿಲ್ 8, ಮಂಗಳವಾರ

ಉಲ್ಲಾಸರ ಆಫೀಸು. ಮೇಜಿಗೆ ಏನೂ ಹಚ್ಚದೆ ಅಭಿಜ್ಞಾಳನ್ನು ಕೂರಿಸಿದ್ದನ್ನು ಅವರು ಗಮನಿಸಿದರು. ದೂರಿನ ಕರಡನ್ನು ಅತ್ತೆಗೆ ಓದಿ ಹೇಳಿದರು. ಕಫದ ವರದಿ, ಮಾಡಿಸದ ಸಿ.ಟಿ., ಹುಬ್ಬಳ್ಳಿಯ ತಜ್ಞರ ಅಭಿಪ್ರಾಯ, ಆಪರೇಶನ್ನಿನ ಅವಕಾಶ ತಪ್ಪಿಹೋದದ್ದು. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು.

"ಮುಂದಿನದು: ದೂರುದಾರರನ್ನು ಸಾರ್ವಜನಿಕವಾಗಿ ಸುಳ್ಳುಗಾತಿ ಎಂದು ನಿಂದಿಸಿದ್ದರಿಂದ ತೀವ್ರ ಮಾನಸಿಕ ಯಾತನೆಯಾಗಿದ್ದು..."

"ಅದನ್ನ ಹೊಡೀರಿ."

"ಅಮ್ಮಾ, ಪರಿಹಾರದ ದೊಡ್ಡ ಭಾಗ ಇದರಲ್ಲೇ ಇದೆ."

"ಅದು ಮುಗದೈತಿ. ಕಾಯಿ ಹಂಚ್ಕಂಡು ತಿಂದೀವಿ. ಮುಗದದ್ದನ್ನ ಮತ್ತ ಕೇಳಿದ್ರ ಆಗ ನಾ ಸುಳ್ಳಿ ಆಗ್ತೀನಿ."

ವಕೀಲರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವ ಹಾಗೆ. ನಾನು ಅವರ ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದೆ. ನೆಟ್ಟಗೆ, ಒಂದೇ ಗೆರೆ. ಗುಮಾಸ್ತೆ ಮತ್ತೆ ಟೈಪು ಮಾಡಿಕೊಟ್ಟ ಮೇಲೆ ಅತ್ತೆ ಪ್ರತಿ ಪುಟಕ್ಕೂ ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ದೂರು ಕಂಪ್ಯೂಟರಿನಿಂದ ಕಾರವಾರಕ್ಕೆ ಹೋಯಿತು.

"ಇನ್ನು ಅವರಿಗೆ ನೋಟಿಸು ಹೋಗ್ತದೆ, ಅವರು ಉತ್ತರ ಕೊಡ್ತಾರೆ, ನಾವು ಅದಕ್ಕೆ ಉತ್ತರ ಕೊಡ್ತೇವೆ. ಸುಳ್ಳು ಯಾಕೆ ಹೇಳಲಿ, ಎರಡು ವರ್ಷ ಹಿಡೀಬಹುದು, ಮೂರೂ ಹಿಡೀಬಹುದು." ಹೇಳಿದ ಮೇಲೆ ಉಲ್ಲಾಸರಿಗೆ ಎದುರು ಕೂತವರು ಯಾರೆಂದು ನೆನಪಾಗಿ ಮುಖ ಮತ್ತಷ್ಟು ಇಳಿಯಿತು.

ಅತ್ತೆ ಮಗುವನ್ನು ಮೇಜಿನಿಂದ ಎತ್ತಿಕೊಂಡರು.

"ಹಿಡೀಲಿ ಬಿಡ್ರಿ" ಎಂದರು. "ನಾ ಇರ್ತೀನಿ. ನೀವು ಹುಷಾರಾಗಿರ್ರಿ."